ಖಾಲಿ ಕೊಡಬಾರದ ಡಬ್ಬಿ

ನಝೀರಾ ಹಲ್ವಾದ ಡಬ್ಬಿ ಹಿಡಿದು ಬಾಗಿಲಿಗೆ ಬಂದಾಗ ನಾನು ಹಿಟ್ಟು ನಾದುತ್ತಿದ್ದೆ. ಮಗಳು ಶಿಫಾನಾಗೆ ಇಲ್ಲಿನ ಮೊದಲ ಸಂಬಳ ಬಂದಿದೆ, ಅದರ ಸಿಹಿ ಎಂದಳು. ಡಬ್ಬಿ ಹೊಸದು, ಅದರಲ್ಲಿ ಮೀನು ಮಾಂಸ ಏನೂ ಹಾಕಿಲ್ಲ ಎಂದೂ ಹೇಳಿದಳು. ನಾವು ತಿನ್ನುವುದಿಲ್ಲ ಎಂದು ನೆನಪಿಟ್ಟು ಹೊಸ ಡಬ್ಬಿಯನ್ನೇ ಕೊಂಡಿದ್ದಳು. ಇಂಥ ಹೆಂಗಸನ್ನು ಬೈಯಲು ಒಂದು ಕಾರಣವೂ ಸಿಗುವುದಿಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ.

ಮಸ್ಕತ್ತಿನ ದಾರ್ಸೈಟ್‌ನ ಈ ಕಟ್ಟಡದಲ್ಲಿ ಅವರದೂ ನಮ್ಮದೂ ಎದುರುಬದುರು ಬಾಗಿಲು. ಅವಳ ಗಂಡ ಮುಹಿಯುದ್ದೀನನಿಗೆ ರೂವಿಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ. ನನ್ನ ಗಂಡ ಫಕೀರಪ್ಪ ಎ.ಸಿ. ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್. ಹತ್ತೊಂಬತ್ತು ವರ್ಷ ಬಿಸಿಲಲ್ಲಿ ತಾರಸಿ ಹತ್ತಿ ಇಳಿದ ಮೇಲೆ ಅವರಿಗೆ ನಾನೂರು ರಿಯಾಲ್. ನಿನ್ನೆ ಮೊನ್ನೆ ಸ್ಕೂಲ್ ಬಸ್ಸಿಗೆ ಓಡುತ್ತಿದ್ದ ಹುಡುಗಿ ಅಲ್ ಖುವೈರ್‌ನ ಕ್ಲಿನಿಕ್ಕಿನಲ್ಲಿ ತಂಪಾಗಿ ನಿಂತು, ಎಕ್ಸ್‌ರೇ ತೆಗೆದು, ಮುನ್ನೂರೈವತ್ತು ತರುತ್ತಾಳೆ. ಹಲ್ವಾ ಬಾಯಿಗಿಟ್ಟೆ. ಕೇಸರಿ, ತುಪ್ಪ, ಗುಲಾಬಿ ನೀರು ಎಲ್ಲ ಹದವಾಗಿತ್ತು. ಎರಡನೇ ತುತ್ತು ತೆಗೆದುಕೊಳ್ಳಲಿಲ್ಲ.

ಸಿಹಿ ಬಂದ ಡಬ್ಬಿಯನ್ನು ಖಾಲಿ ಕೊಡಬಾರದು. ನಮ್ಮ ರೋಣದಲ್ಲೂ ಹಾಗೆ, ಅವರ ಬಂಟ್ವಾಳದಲ್ಲೂ ಹಾಗೆ. ಶೇಂಗಾ ಹೋಳಿಗೆ ಹಾಕಿ ಮರುದಿನವೇ ಕೊಡಬಹುದಿತ್ತು. ಆದರೆ ಮಗಳ ಸಂಬಳದ ಸಿಹಿಗೆ ಬರೀ ಹೋಳಿಗೆ ಕೊಟ್ಟರೆ ನಾನು ಸೋತಂತೆ. ಜೊತೆಗೆ ಹೇಳಲು ನನ್ನದೂ ಒಂದು ಸುದ್ದಿ ಬೇಕಿತ್ತು. ಡಬ್ಬಿ ತೊಳೆದು ಒಲೆಯ ಮೇಲಿನ ಹಲಗೆಯಲ್ಲಿಟ್ಟೆ. ಅನ್ನಕ್ಕಿಡುವಾಗ, ಚಹಾ ಕುದಿಸುವಾಗ ಅದೇ ಕಣ್ಣಿಗೆ ಬೀಳುತ್ತಿತ್ತು.

ನನ್ನ ಮಗಳು ನೇತ್ರಾ ಹನ್ನೆರಡನೇ ತರಗತಿ ಮುಗಿಸಿದ್ದಳು. ಅವಳಿಗೂ ಎಕ್ಸ್‌ರೇ, ಸ್ಕ್ಯಾನಿಂಗ್ ಕೋರ್ಸೇ ಬೇಕಿತ್ತು. ಹುಬ್ಬಳ್ಳಿಯ ಸಣ್ಣ ಕಾಲೇಜಿನಲ್ಲಿ ಎಲ್ಲ ಸೇರಿ ಮೂರು ಲಕ್ಷ. ಅದರಲ್ಲಿ ಹೆಚ್ಚಿನದು ನಮ್ಮ ಚೀಟಿಯಲ್ಲೇ ಹೊಂದುತ್ತಿತ್ತು, ಉಳಿದದ್ದಕ್ಕೆ ಸಣ್ಣ ಸಾಲ ಸಾಕಿತ್ತು. ಮಂಗಳೂರು ಕಡೆಯ ದೊಡ್ಡ ಕಾಲೇಜಿನಲ್ಲಿ ಹಾಸ್ಟೆಲೂ ಸೇರಿ ಹದಿನಾಲ್ಕು ಲಕ್ಷ. ಗಾಜಿನ ಕಟ್ಟಡ, ಮುಂದೆ ಕಾರಂಜಿ. ನಾನು ದೊಡ್ಡದೇ ಎಂದೆ.

"ಅವ್ವಾ, ಡಿಗ್ರಿ ಸೇಮ್. ಹುಬ್ಬಳ್ಳಿ ಸಾಕು," ಎಂದಳು ನೇತ್ರಾ.

"ಶಿಫಾನಾ ಸಣ್ಣದರಾಗ ಓದ್ಯಾಳ. ನೀನೂ ಸಣ್ಣದರಾಗ ಓದಿದರ ಆಕಿಗೂ ನಿನಗೂ ಏನ್ ಫರಕ್?"

"ಫರಕ್ ಯಾಕೆ ಬೇಕು?"

ಇಂಥ ಪ್ರಶ್ನೆಗೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ. ಬಾಯಿ ಮುಚ್ಚು ಎಂದೆ. ಗಂಡ, ಹದಿನಾಲ್ಕು ಲಕ್ಷ ಅಂದರೆ ತಾನು ಇನ್ನೂ ಎಷ್ಟು ವರ್ಷ ತಾರಸಿ ಹತ್ತಬೇಕು ಗೊತ್ತೇ ಎಂದರು. ಹತ್ತಿ ಎಂದೆ. ಓದು ಮುಗಿದ ಮರು ತಿಂಗಳೇ ಮಗಳು ಮಸ್ಕತ್ತಿಗೆ ಬಂದು ದುಡಿಯುತ್ತಾಳೆ, ಬ್ಯಾಂಕಿನಲ್ಲಿ ಸಾಲ ಮಾಡಿದರೂ ನಾಲ್ಕು ವರ್ಷದಲ್ಲಿ ಹೋಗುತ್ತದೆ ಎಂದೂ ಹೇಳಿದೆ. ಲೆಕ್ಕ ಹಾಕಿದವಳು ನಾನೇ, ಒಪ್ಪಿದವಳೂ ನಾನೇ.

ಸೀಟು ಹಿಡಿಯಲು ಭಾನುವಾರದೊಳಗೆ ಮುಂಗಡ ಕಳಿಸಬೇಕಿತ್ತು. ನನ್ನ ತಾಯಿ ಕೊಟ್ಟ ಪಾಟಲಿಗಳನ್ನು ಸಾಬೂನು ಹಚ್ಚಿ ಕೈಯಿಂದ ಇಳಿಸಿ ರೂವಿಯ ಚಿನ್ನದಂಗಡಿಯಲ್ಲಿ ತೂಕ ಮಾಡಿಸಿದೆ. ಶನಿವಾರ ಸಂಜೆ ತಂದರೆ ಆ ದಿನದ ದರಕ್ಕೆ ಕೊಳ್ಳುತ್ತೇನೆ ಎಂದ ಅಂಗಡಿಯವ. ಮನೆಗೆ ತಂದು ಕಪಾಟಿನಲ್ಲಿಟ್ಟೆ. ಈಗ ನನ್ನ ಬಳಿ ಸುದ್ದಿ ಇತ್ತು.

ಶುಕ್ರವಾರ ಹೋಳಿಗೆ ಮಾಡಿ, ಡಬ್ಬಿ ತುಂಬಿಕೊಂಡು ಎದುರು ಮನೆಗೆ ಹೋದೆ. ಶಿಫಾನಾ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಳಿಸಿ ಕುಳಿತಿದ್ದಳು. ಇಡೀ ದಿನ ನಿಂತೇ ಇರಬೇಕು ಎಂದಳು ನಝೀರಾ. ನಾನು ಕಾಲೇಜಿನ ಹೆಸರು, ಕಟ್ಟಡ, ಕಾರಂಜಿ ಎಲ್ಲ ಹೇಳಿದೆ. ಫೀಸನ್ನು ಎರಡು ಸಲ ಹೇಳಿದೆ. ನಝೀರಾ ಮಾಶಾ ಅಲ್ಲಾ ಎಂದು ನಿಜವಾಗಿ ಸಂತೋಷಪಟ್ಟಳು. ಸುಟ್ಟಿತು ನನಗೆ. ಅವಳ ಮುಖ ಸ್ವಲ್ಪವಾದರೂ ಬಾಡಬೇಕಿತ್ತು.

"ಆಂಟಿ, ಇಂಟರ್‌ವ್ಯೂನಲ್ಲಿ ಕಾಲೇಜು ದೊಡ್ಡದಾ ಸಣ್ಣದಾ ಅಂತ ಯಾರೂ ಕೇಳ್ಲಿಲ್ಲ," ಎಂದಳು ಶಿಫಾನಾ. "ಲೈಸೆನ್ಸ್ ಪರೀಕ್ಷೆ ಪಾಸಾ, ಎರಡು ವರ್ಷ ಕೆಲಸ ಮಾಡಿದ್ದಾ, ಅಷ್ಟೇ ಕೇಳಿದ್ದು."

"ಯಾವ ಎರಡು ವರ್ಷ?"

"ಓದು ಮುಗಿದ ಮೇಲೆ ಮಂಗಳೂರಲ್ಲಿ ಮಾಡಿದೆನಲ್ಲ. ತಿಂಗಳಿಗೆ ಹದಿನಾಲ್ಕು ಸಾವಿರ. ಪಿ.ಜಿ.ಗೆ, ಊಟಕ್ಕೇ ಖಲಾಸ್."

ಆಗೆಲ್ಲ ಅವಳು ಅಲ್ಲಿ ಇನ್ನೂ ಓದುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ನನ್ನ ಲೆಕ್ಕದಲ್ಲಿ ಆ ಎರಡು ವರ್ಷ ಇರಲೇ ಇಲ್ಲ. ಹದಿನಾಲ್ಕು ಲಕ್ಷಕ್ಕೆ ಬಡ್ಡಿ ಬೆಳೆಯುತ್ತಿರುವಾಗ ನನ್ನ ಮಗಳು ಹದಿನಾಲ್ಕು ಸಾವಿರಕ್ಕೆ ದುಡಿಯುತ್ತಿರುತ್ತಾಳೆ.

ಶಿಫಾನಾ ಕಾಲು ಒರೆಸಿಕೊಳ್ಳುತ್ತ ಮುಂದುವರಿಸಿದಳು. "ನಮ್ಮ ಕ್ಲಿನಿಕ್ಕಿನ ಆಲ್ಬಿನಾ ನೀವು ಹೇಳಿದ ಕಾಲೇಜಲ್ಲೇ ಓದಿದ್ದು. ನಾವಿಬ್ರೂ ಒಂದೇ ಮಿಷನ್, ಒಂದೇ ಸಂಬಳ. ನನ್ನ ಓದಿನ ಸಾಲ ಬರುವ ರಂಜಾನಿಗೆ ಮುಗೀತದೆ. ಅವಳದ್ದು ಮದುವೆ ಆದ ಮೇಲೂ ಉಂಟು, ಈಗ ಗಂಡ ಕಟ್ಟುದು. ದಿನಾ ಜಗಳ."

"ಸಾಲ ತೀರಿದ ಮೇಲೆ ಇವಳು ನನ್ನನ್ನು ಮೆಕ್ಕಾಗೆ, ಉಮ್ರಾಕ್ಕೆ ಕರ್ಕೊಂಡು ಹೋಗ್ತಾಳಂತೆ, ಪಾರವ್ವಕ್ಕ," ಎಂದಳು ನಝೀರಾ. ಆಮೇಲೆ ನನ್ನ ಕೈ ನೋಡಿದಳು. "ಪಾಟಲಿ ಎಲ್ಲಿ?"

"ಪಾಲಿಶಿಗೆ ಕೊಟ್ಟೀನಿ," ಎಂದೆ.

ಎರಡು ಬಾಗಿಲುಗಳ ನಡುವೆ ಇರುವುದು ನಾಲ್ಕು ಹೆಜ್ಜೆ. ಅಷ್ಟರಲ್ಲಿ ನನ್ನ ಹೊಟ್ಟೆಯ ಉರಿ ಮಗ್ಗುಲು ಬದಲಿಸಿತು. ಸಂಬಳ ಬಿಡಿ, ಅದು ಯಾರಿಗಾದರೂ ಬರುತ್ತದೆ. ರಂಜಾನಿಗೆ ಆ ಹೆಂಗಸು ಒಂದು ಪೈಸೆ ಸಾಲವಿಲ್ಲದೆ ಮಗಳ ಕೈ ಹಿಡಿದು ವಿಮಾನ ಹತ್ತುತ್ತಾಳೆ. ನಾನು ಬರಿಗೈಯಲ್ಲಿ ಇಲ್ಲಿ ರೊಟ್ಟಿ ಬಡಿಯುತ್ತ, ಅಳಿಯ ಯಾವಾಗ ಜಗಳ ತೆಗೆಯುತ್ತಾನೋ ಎಂದು ಕಾಯುತ್ತಿರಬೇಕು. ಅದು ಮಾತ್ರ ಆಗಕೂಡದು.

ಒಳಗೆ ಹೋದವಳೇ ನೇತ್ರಾಳಿಗೆ ಹುಬ್ಬಳ್ಳಿಗೇ ಅರ್ಜಿ ಹಾಕು ಎಂದೆ. ಅವಳು ಫೋನಿನಿಂದ ತಲೆಯೆತ್ತಿ, ಏನಾಯಿತು ಎಂದು ಕೇಳಿದಳು.

"ಏನೂ ಆಗಿಲ್ಲ. ಶಿಫಾನಾಗ ಸಾಲ ತೀರಿಸಾಕ ಎಷ್ಟು ದಿನ ಹಿಡೀತದ, ಅದಕ್ಕಿಂತ ಬೇಗ ನೀನು ತೀರಿಸಬೇಕು. ತೀರಿದ ಮ್ಯಾಲೆ ನನ್ನನ್ನ ಕಾಶಿಗೆ ಕರಕೊಂಡು ಹೋಗಬೇಕು. ವಿಮಾನದಾಗ."

ಗಂಡ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದರು. ಅಲ್ಲಿ ನಿಂತು ನಕ್ಕದ್ದು ನನಗೆ ಕೇಳಿಸಿತು. ಕೇಳಿಸದವಳಂತೆ ಕಪಾಟು ತೆರೆದೆ. ಪಾಟಲಿ ಏರಿಸುವಾಗ ಇಳಿಸಿದ್ದಕ್ಕಿಂತ ಹೆಚ್ಚು ನೋವಾಯಿತು. ಗೆಣ್ಣು ಕೆಂಪಾಯಿತು.

ಮರುದಿನ ಬೆಳಿಗ್ಗೆ ನಝೀರಾ ಕಸದ ಚೀಲ ಹೊರಗಿಡಲು ಬಾಗಿಲು ತೆರೆದ ಸದ್ದಾಯಿತು. ನಾನೂ ತೆರೆದೆ. ನಮ್ಮ ಮನೆಯಲ್ಲಿ ಕಸವೇ ಇರಲಿಲ್ಲ, ಆದರೂ ಒಂದು ಚೀಲ ಹಿಡಿದುಕೊಂಡಿದ್ದೆ. ಕೈ ಕಾಣುವಂತೆ ಸೆರಗು ಸರಿಮಾಡಿಕೊಂಡೆ.

ಪಾಲಿಶ್ ಚೆಂದ ಮಾಡಿದ್ದಾರೆ ಎಂದಳು ನಝೀರಾ.

ಹೌದು ಎಂದೆ.