ದೊಡ್ಡ ಗಂಟಲಿನವಳು

ಸೋದರತ್ತೆ ಅನಾರ ಜಾಲರಿ ಸೌಟನ್ನು ಬುರುಲಳ ಕೈಗೆ ತುರುಕಿ, ಹೆಣ ಮಲಗಿಸಿದ್ದ ಕಂಬಳಿ ಗುಡಾರದ ಬಾಗಿಲಿಗೆ ಅಡ್ಡ ನಿಂತಳು.

“ನೀನು ಬೊರ್ಸೋಕ್ ಕರಿ ಹೋಗು. ಅಳುಹಾಡು ನನ್ನ ಸೊಸೆ ಹಾಡ್ತಾಳೆ.”

“ಅತ್ತೆ, ಸತ್ತಿರೋಳು ನಮ್ಮವ್ವ. ಮಗಳು ನಾನು.”

“ಅಲ್ಲ ಅಂದೋರು ಯಾರೀಗ? ನಿನ್ನ ದನಿ ಕೇಳಿದ್ರೆ ಹೆಂಗಸರ ಮಧ್ಯೆ ಯಾವನೋ ನುಗ್ಗಿದ್ದಾನೆ ಅಂತಾರೆ. ಮೂರು ಹಳ್ಳಿ ಜನ ಸೇರಿದ್ದಾರೆ ಕಣೇ, ನಮ್ಮಣ್ಣನ ಮನೆ ಮರ್ಯಾದೆ ಕಳೀಬೇಡ.”

ಮೂವತ್ತು ದಾಟಿದ್ದರೂ ಬುರುಲಳ ಕೈ ಅಭ್ಯಾಸಬಲದಿಂದ ಕುತ್ತಿಗೆಯ ರುಮಾಲಿಗೆ ಹೋಯಿತು. ಅದರಡಿ ಗಂಡಸರಿಗಿರುವಂಥ ಉಬ್ಬಿದ ಗಂಟಲಗಂಟು. ಮಧ್ಯಾಹ್ನದ ಹೊತ್ತಿಗೆ ಗಂಡಸರು ಹೆಣ ಎತ್ತುತ್ತಾರೆ. ಹೆಂಗಸರು ಹಿಂದೆ ಹೋಗುವಂತಿಲ್ಲ. ಹಾಡಿದರೆ ಈಗಲೇ, ಇಲ್ಲದಿದ್ದರೆ ಇನ್ನೆಂದೂ ಇಲ್ಲ. ಆದರೂ ಅವಳು ತಲೆ ತಗ್ಗಿಸಿ, ಬಂದವರಿಗೆಲ್ಲ ಹಿಟ್ಟಿನ ಬೊರ್ಸೋಕ್ ಕರಿಯುವ ಬಾಣಲೆಯ ಬಳಿ ಹೋದಳು.

* * *

ಅವ್ವ ಕಾಕೆನಳ ಗಂಟಲೂ ಅಂಥದೇ. ನರಿನ್ ಹೊಳೆದಂಡೆಯ ಪಟ್ಟಣದ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನಲ್ಲಿ ಬಸ್ಸು ಕೂಗಿದ ಹೆಂಗಸು. ದೂರು ತಂದವರು “ಆ ಕೂಗೋ ಸಾಹೇಬರನ್ನ ಕರೀರಿ” ಎಂದರೆ, “ಸಾಹೇಬ ನಾನೇ, ಅದೇನು ಬೊಗಳಿ” ಎನ್ನುತ್ತಿದ್ದಳು. ಚಳಿಗೆ ಬಿಟ್ಟರೆ ಇನ್ಯಾರಿಗೂ ಹೆದರಿ ಕುತ್ತಿಗೆ ಮುಚ್ಚಿದವಳಲ್ಲ.

ಹದಿನಾಲ್ಕಕ್ಕೆ ಬುರುಲಳ ದನಿ ಒಡೆದು, ಶಾಲೆಯವರು ಆಡಿಕೊಂಡು, ಅವಳು ಮಾತೇ ಬಿಟ್ಟಾಗ ಕಾಕೆನ್ ವೈದ್ಯರ ಬಳಿ ಕರೆದೊಯ್ದಳು. ವೈದ್ಯರು ಗಂಟಲಿಗೆ ಪುಟ್ಟ ಕನ್ನಡಿ ಇಳಿಸಿ ನೋಡಿದರು.

“ರೋಗ ಏನಿಲ್ಲಮ್ಮ. ಧ್ವನಿಪೆಟ್ಟಿಗೆ ಸ್ವಲ್ಪ ದೊಡ್ಡದು, ಅಷ್ಟೇ. ಕೆಲವರಿಗೆ ಪಾದ ದೊಡ್ಡದಿರಲ್ವಾ, ಹಾಗೆ.”

ದಾರಿಯಲ್ಲಿ ಕಾಕೆನ್ ಅಂದಳು: “ಕೇಳಿದ್ಯಾ? ಪಾದ ದೊಡ್ಡದಿದ್ರೆ ದೊಡ್ಡ ಬೂಟು ತಗೋತೀವಿ, ಕಾಲು ಕುಯ್ಕೋತೀವಾ? ಬಿಚ್ಚು ಆ ರುಮಾಲು.”

ಬುರುಲ್ ಬಿಚ್ಚಲಿಲ್ಲ. ಅವ್ವ ಆ ರುಮಾಲಿನ ತುದಿ ಹಿಡಿದು ಮತ್ತೆ ಅಂದಳು.

“ನಮ್ಮವ್ವ ಸತ್ತಾಗ ನಿನ್ನ ಮುಕಾಶ್ ಮಾವ ನನ್ನ ಕೈಗೆ ಸೌಟು ಕೊಟ್ಟ. ಬೊರ್ಸೋಕ್ ಕರೀತಾ ನಿಂತೆ, ಹೆಣ ಹೋಗೇಬಿಡ್ತು. ನಾನು ಸತ್ತಾಗ ನೀನೂ ಕರೀತಾ ನಿಂತ್ರೆ ಎದ್ದು ಬಂದು ಬೈತೀನಿ, ನೋಡ್ತಿರು.”

* * *

ಗುಡಾರದೊಳಗಿಂದ ಅನಾರಳ ಸೊಸೆಯ ತೆಳ್ಳನೆ ರಾಗ ಬಂತು: “ಬುಲ್‌ಬುಲ್ ಕಂಠದ ತಾಯೇ, ಮೆಲ್ಲನೆ ನುಡಿದ ತಾಯೇ...”

ಬುರುಲಳ ಮೈ ಉರಿದುಹೋಯಿತು. ಬುಲ್‌ಬುಲ್ ಅಂತೆ! ಮೆಲ್ಲನೆ ಅಂತೆ! ಇವರು ಯಾರ ಅವ್ವನಿಗೆ ಅಳುತ್ತಿದ್ದಾರೆ?

ಅವಳು ನೇರ ಬಂದು ಎಣ್ಣೆ ಸುರಿಯುವ ಸೌಟನ್ನು ಅನಾರಳ ಕೈಗಿಟ್ಟಳು.

“ತಗೊಳ್ಳಿ ಅತ್ತೆ. ಮರ್ಯಾದೆ ಇರೋರು ಕರೀರಿ.”

“ಬುರುಲ್! ಬೇಡ ಕಣೇ!”

ಒಳಗೆ ಹೋಗಿ ರುಮಾಲು ಬಿಚ್ಚಿ ಅವ್ವನ ಕಾಲ ಬಳಿ ಇಟ್ಟಳು. ಬಾಯಿ ತೆರೆದಳು.

“ಊರಿಗೆಲ್ಲ ಬಸ್ಸು ಕೂಗಿದವಳೇ ಅವ್ವಾ,
ಸಾಹೇಬನೆಂದರೆ ಹೌದೆಂದವಳೇ ಅವ್ವಾ,
ನಿನ್ನ ಗಂಟಲಲ್ಲೇ ನಿನ್ನ ಕೂಗುತೀನಿ ಅವ್ವಾ...”

ಅನಾರಳ ಸೊಸೆ ತಟ್ಟನೆ ನಿಲ್ಲಿಸಿದಳು. ದಪ್ಪ ದನಿ ಕಂಬಳಿಯ ಗೋಡೆ ದಾಟಿ ಅಂಗಳಕ್ಕೆ ಬಂತು. ಅಲ್ಲಿ ಪದ್ಧತಿಯಂತೆ ಸೊಂಟಕ್ಕೆ ಪಟ್ಟಿ ಬಿಗಿದು, ಊರುಗೋಲಿಗೆ ಒರಗಿ ಅಳುತ್ತಿದ್ದ ಗಂಡಸರು ಒಬ್ಬೊಬ್ಬರಾಗಿ ಸುಮ್ಮನಾದರು. ಆಗಷ್ಟೇ ಕುದುರೆ ಇಳಿದ ಪರವೂರಿನವನೊಬ್ಬ ಕಣ್ಣರಳಿಸಿದ.

“ಹೆಂಗಸರ ಗುಡಾರದಲ್ಲಿ ಕೂತು ಅಳ್ತಿರೋ ಆ ಗಂಡಸು ಯಾರ್ರೀ?”

ಕಾಕೆನಳ ಅಣ್ಣ, ಮುದುಕ ಮುಕಾಶ್ ಗುಡಾರದತ್ತ ಕಿವಿಗೊಟ್ಟು ನಿಂತಿದ್ದ, ಗಡ್ಡ ತೊಯ್ದಿತ್ತು.

“ಗಂಡಸಲ್ಲ ಕಣಯ್ಯಾ,” ಅಂದ. “ನನ್ನ ತಂಗಿ.”

ಬಾಗಿಲಲ್ಲಿ ನಿಂತ ಅನಾರಳ ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವಳ ಬೆನ್ನ ಹಿಂದೆ ಬಾಣಲೆಯಲ್ಲಿ ಬೊರ್ಸೋಕ್ ಕರಿಕಲಾಗುತ್ತಿದ್ದವು. ಅತ್ತ ಯಾರೂ ತಿರುಗಲಿಲ್ಲ.