ಗೊಲ್ಲಾಳಪ್ಪನ ಪಕ್ಕದ ಜಾಗ

ಎತ್ತುಗಳಿಗೆ ಮಾರ್ಕ, ಲೂಕ ಎಂದು ಯಾರಾದರೂ ಹೆಸರಿಡುತ್ತಾರೆಯೇ, ಮುದುಕನಿಗೆ ಮರೆವು ಹತ್ತಿದೆ ಎಂದು ನಗುವವರು ಈಗಲೇ ಎದ್ದು ಹೋಗಬಹುದು. ನನಗೆ ಮರೆವಿರುವುದು ಕನ್ನಡಕ ಎಲ್ಲಿಟ್ಟೆ ಎಂಬುದರಲ್ಲಿ ಮಾತ್ರ. ಸೊಲ್ಲಾಪುರದ ಮೆಥೊಡಿಸ್ಟ್ ಚರ್ಚಿನ ಗಾಡಿಯ ಎತ್ತುಗಳು ಅವು. ಹೆಸರಿಟ್ಟವನು ಗಾಡಿ ಹೊಡೆಯುತ್ತಿದ್ದ ಗೊಲ್ಲಾಳಪ್ಪ. ಸುವಾರ್ತೆ ಬರೆದ ಉಳಿದಿಬ್ಬರು ಮತ್ತಾಯ, ಯೋಹಾನರನ್ನೂ ಕೊಳ್ಳಲು ಸಭೆಯಲ್ಲಿ ದುಡ್ಡಿರಲಿಲ್ಲ, ಅಷ್ಟೇ. ಇನ್ನು ಸುಮ್ಮನೆ ಕೇಳಿ.

ಮೂವತ್ನಾಲ್ಕನೆಯ ಇಸವಿ, ಹೋಳಿ ಮುಗಿದ ವಾರ. ಚರ್ಚಿನ ಅಂಗಳದಲ್ಲಿ ಕುರನೂರಿನ ಕುರುಬರ ಅಣ್ಣಾರಾಯ ಚಟ್ಟದ ತಲೆಯ ಕಡೆ ಹಿಡಿದು ಎತ್ತಿಯೇ ಬಿಟ್ಟಿದ್ದ. ಕಾಲಿನ ಕಡೆ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಹೀಗಾಗಿ ಸತ್ತ ಗೊಲ್ಲಾಳಪ್ಪ ಅರ್ಧ ಎದ್ದು ಕುಳಿತು, ಯಾರು ಯಾರು ಬಂದಿದ್ದಾರೆ ಎಂದು ನೋಡುತ್ತಿರುವ ಹಾಗೆ ಕಾಣುತ್ತಿದ್ದ.

“ಇಳಸ್ರಿ ಅಣ್ಣಾರಾಯ್ರ, ಬೀಳ್ತಾನ,” ಎಂದರು ಪಾಸ್ಟರ್ ಅಮೃತಪ್ಪ.

“ಬೀಳಾಂವ ಅಲ್ರಿ ನನ್ನ ತಮ್ಮ. ಇಷ್ಟ ವರ್ಷ ನಿಮ್ಮ ಗಾಡಿ ಮ್ಯಾಲ ನಿದ್ದಿ ಮಾಡ್ಕೋತ ಊರೂರು ತಿರಗ್ಯಾನ, ಒಂದಿನಾ ಬಿದ್ದಿಲ್ಲ. ಯಾರರ ಕಾಲ ಹಿಡೀರಿ. ಈಗ ಹೊಂಟ್ರ ಹೊತ್ತ ಮುಳುಗೂದ್ರಾಗ ಕುರನೂರ ಮುಟ್ಟತೀನಿ.”

ಅಣ್ಣಾರಾಯ ಸತ್ತವನ ಒಡಹುಟ್ಟಿದ ಅಣ್ಣ. ಸೊಲ್ಲಾಪುರದ ಸಂತೆಗೆ ಕಂಬಳಿ ಮಾರಲು ಬಂದು ರಾತ್ರಿ ತಮ್ಮನ ಮನೆಯಲ್ಲಿ ಉಳಿದಿದ್ದ. ಬೆಳಿಗ್ಗೆ ಗೊಲ್ಲಾಳಪ್ಪ ಎತ್ತುಗಳಿಗೆ ಕಣಕಿ ಹಾಕಿ, “ಒಂಚೂರ ಕೂಡ್ತೀನಿ” ಎಂದು ಗಾಡಿಯ ಗಾಲಿಗೆ ಒರಗಿ ಕುಳಿತ. ಹೆಂಡತಿ ಚಂದ್ರಭಾಗಾ ಚಹಾ ತಂದು, ಆರಿ ಹೋಗುತ್ತದೆ ಎಂದು ಬೈದಳು. ಇನ್ನೊಮ್ಮೆ ಬೈದಳು. ಬೈದರೆ ನಗುವ ಗಂಡ ನಗಲಿಲ್ಲ. ಆಗ ಗೊತ್ತಾಯಿತು.

ಅಮೃತಪ್ಪ ಪಾಸ್ಟರು ಬೀದರಿನ ಕಡೆಯಿಂದ ಬಂದು ಎರಡು ತಿಂಗಳಾಗಿತ್ತು. ಒಳ್ಳೆಯ ಮನುಷ್ಯ, ಆದರೆ ಹೊಸ ಚಪ್ಪಲಿಯ ಹಾಗೆ ಸ್ವಲ್ಪ ಬಿಗಿ. ಭಾನುವಾರದ ಆರಾಧನೆಯಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹಾಡುವ ಗಾಡಿಯವನು ಸಭೆಯವನೇ ಎಂದು ಅವರು ತಿಳಿದಿದ್ದರು. ಅವನಿಗೆ ದೀಕ್ಷಾಸ್ನಾನವೇ ಆಗಿಲ್ಲವೆಂದು ಆ ಬೆಳಿಗ್ಗೆಯಷ್ಟೇ ಅವರಿಗೆ ಉಪದೇಶಕ ಸಿದ್ದರಾಮಪ್ಪ ಹೇಳಿದ್ದ.

“ಸ್ನಾನ ಆಗದವ್ರನ್ನ ಸಭಾದ ಮಣ್ಣಿನ್ಯಾಗ ಇಡಾಕ ಬರಂಗಿಲ್ಲವ್ವಾ,” ಎಂದು ಪಾಸ್ಟರು ಚಂದ್ರಭಾಗಾಳಿಗೆ ಮೆಲ್ಲಗೆ ಹೇಳಿದರು. “ಇದು ನಾ ಮಾಡಿದ ನಿಯಮ ಅಲ್ಲ. ಅವರ ಅಣ್ಣಾರು ಕರೀತಾರ, ಕಳಿಸೂದ ಪಾಡ.”

ಚಂದ್ರಭಾಗಾ ಗಂಡನ ಕಾಲಿನ ಹೆಬ್ಬೆರಳು ಹಿಡಿದುಕೊಂಡು ಕುಳಿತಿದ್ದಳು. ಬಿಡಲಿಲ್ಲ.

“ಭಾವಾರ,” ಎಂದಳು ಅಣ್ಣಾರಾಯನಿಗೆ, “ಇವರನ್ನ ಕುರನೂರಿಗಿ ಒಯ್ದ್ರ, ನಾಳಿ ನಾ ಸತ್ತಾಗ ಅಲ್ಲಿ ನನಗೂ ಜಾಗಾ ಕೊಡ್ತಾರೇನು?”

ಅಣ್ಣಾರಾಯ ಚಟ್ಟ ಇಳಿಸಿ ರುಮಾಲು ಸರಿಮಾಡಿಕೊಂಡ. ಚಂದ್ರಭಾಗಾ ದೊಡ್ಡ ಜ್ವರದಿಂದ ಎದ್ದ ವರ್ಷವೇ ಕ್ರೈಸ್ತಳಾದವಳು. ಕುರನೂರಿನವರು ಅವಳನ್ನು ನೆಂಟಳೆಂದು ಕರೆದು ಅಂಗಳದಲ್ಲಿ ಉಣಿಸುತ್ತಿದ್ದರು. ಮಣ್ಣಿನ ಮಾತು ಬೇರೆ.

“ಸುಳ್ಳ ಯಾಕ ಹೇಳ್ಲಿ ತಂಗಿ. ಕೊಡಂಗಿಲ್ಲ.”

“ಪಾಸ್ಟರ್ ಸಾಹೇಬ್ರ, ನನಗ ಇಲ್ಲಿ ಜಾಗಾ ಅದ, ಹೌದಲ್ಲೋ? ಇವರಿಗಿಲ್ಲ. ಹಂಗಂದ್ರ ಸತ್ತ ಮ್ಯಾಲ ನಾವಿಬ್ಬರೂ ಬ್ಯಾರೆ ಬ್ಯಾರೆ ಮನಿ ಮಾಡ್ಬೇಕು. ಇರೂತನಕ ಒಬ್ಬರ ಕುಂತು ಊಟಾ ಮಾಡಿದವ್ರಲ್ಲ ಇವರು. ನಾ ಇವರ ಬಾಜೂಕ ಮಣ್ಣಾಗ್ಬೇಕು. ಎಲ್ಲಿ ಅನ್ನೂದು ನೀವಿಬ್ಬರೂ ಹಿರ್ಯಾರು ಕುಂತು ಠರಾಯಿಸ್ರಿ. ಅಲ್ಲೀತನಕ ನಾ ಕಾಲ ಬಿಡಂಗಿಲ್ಲ.”

*

ಚರ್ಚಿನ ಗಾಡಿ ತಿಂಗಳಿಗೆ ಎರಡು ಸಲವಾದರೂ ಹಳ್ಳಿಗಳಿಗೆ ಹೋಗುತ್ತಿತ್ತು. ಮಂದ್ರೂಪ, ಭಂಡಾರಕವಠೆ, ಅಕ್ಕಲಕೋಟೆಯ ಕಡೆ ಕುರನೂರು. ಗಾಡಿಯಲ್ಲಿ ಸಿದ್ದರಾಮಪ್ಪ, ಅವನ ಮಡಿಲಲ್ಲಿ ಹಾರ್ಮೋನಿಯಂ. ಪಕ್ಕದಲ್ಲಿ ಬೈಬಲ್ ಬಾಯಿ ಎಂದು ಕರೆಸಿಕೊಳ್ಳುತ್ತಿದ್ದ ಸುಗಲಾಬಾಯಿ, ಅವಳ ಮಡಿಲಲ್ಲಿ ಔಷಧದ ಡಬ್ಬಿ. ಅವನು ಹಾಡಿ ಜನ ಸೇರಿಸುತ್ತಿದ್ದ. ಅವಳು ಬೇವಿನ ಮರದ ಕೆಳಗೆ ಕುಳಿತು ಮಕ್ಕಳ ಕಣ್ಣಿಗೆ ಮುಲಾಮು ಹಚ್ಚುತ್ತಿದ್ದಳು, ಜ್ವರಕ್ಕೆ ಕ್ವಿನೈನ್ ಕೊಡುತ್ತಿದ್ದಳು, ಹೆಂಗಸರಿಗೆ ಯೇಸುವಿನ ಕತೆ ಹೇಳುತ್ತಿದ್ದಳು. ಇಬ್ಬರೂ ಹುಟ್ಟಿದ್ದು ಊರಾಚೆಯ ಕೇರಿಯಲ್ಲಿ. ಕ್ರೈಸ್ತರಾದ ಮೇಲೆ ಓದು ಬಂತು, ಇಸ್ತ್ರಿಯ ಕೋಟು ಬಂತು. ಊರ ಬಾವಿ ಮಾತ್ರ ಬರಲಿಲ್ಲ.

ಗೊಲ್ಲಾಳಪ್ಪ ಗಾಡಿಗೆ ಸೇರಿದ ಮೊದಲ ವರ್ಷ, ಭಂಡಾರಕವಠೆಯಲ್ಲಿ, ನೆತ್ತಿ ಬಿರಿಯುವ ಬಿಸಿಲಿನಲ್ಲಿ ಸಿದ್ದರಾಮಪ್ಪ ಉಪದೇಶಕ್ಕೆ ನಿಂತ. ಇಡೀ ಪುಸ್ತಕದಲ್ಲಿ ಅವನು ಅವತ್ತು ಆರಿಸಿಕೊಂಡದ್ದು ಜೀವಜಲದ ಮಾತು. ಆ ನೀರು ಕುಡಿದವರಿಗೆ ಮತ್ತೆ ನೀರಡಿಕೆಯೇ ಇಲ್ಲ ಎಂದು ಕೈಯೆತ್ತಿ ಹೇಳುತ್ತ ಹೇಳುತ್ತ ಅವನ ಗಂಟಲು ಒಣಗಿ ದನಿಯೇ ನಿಂತುಹೋಯಿತು. ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ.

“ಮಾಸ್ತರ, ಆ ನೀರು ಮೊದಲ ನಿಮಗ ಸಿಗಲಿ, ಆಮ್ಯಾಗ ನಮಗ ಕೊಡೀರಂತ,” ಎಂದ ಕಟ್ಟೆಯ ಮೇಲಿನವನೊಬ್ಬ. ಊರೆಲ್ಲ ನಕ್ಕಿತು. ಬಾವಿ ಹತ್ತು ಮಾರು ದೂರದಲ್ಲೇ ಇತ್ತು. ಯಾರೂ ನೀರು ಕೊಡಲಿಲ್ಲ.

ಗೊಲ್ಲಾಳಪ್ಪ ಗಾಡಿಯ ಕೆಳಗೆ ಕಟ್ಟಿದ್ದ ಕೊಡ ಬಿಚ್ಚಿಕೊಂಡು ಬಾವಿಗೆ ಹೋದ. ಅಲ್ಲಿದ್ದ ಹಿರಿಯರೊಬ್ಬರು ಹಗ್ಗದ ಮೇಲೆ ಕಾಲಿಟ್ಟು ತಡೆದರು.

“ಯಾವ ಮಂದಿ?”

“ಕುರನೂರ ಕುರುಬ್ರು.”

“ಕಿರಸ್ತಾನ ಆಗಿಲ್ಲೇನ?”

“ಇಲ್ರಿ ಯಜಮಾನ್ರ. ಎತ್ತ ಹೊಡ್ಯಾಂವ.”

“ನೀರ ಯಾರಿಗಿ?”

“ನೀರಡಸಿದವ್ರಿಗಿ.”

ಹಿರಿಯರು ಅವನನ್ನೂ ಗಾಡಿಯನ್ನೂ ನೋಡಿದರು. ಆಮೇಲೆ ಹಗ್ಗದ ಮೇಲಿನ ಕಾಲು ತೆಗೆದು, ತಮಗೇನೋ ಕೆಲಸ ನೆನಪಾದವರ ಹಾಗೆ ಮನೆಗೆ ನಡೆದರು. ಗೊಲ್ಲಾಳಪ್ಪ ಸೇದಿ ತಂದು ಹೊಯ್ದ. ಸಿದ್ದರಾಮಪ್ಪ ಅರ್ಧ ಕೊಡ ಕುಡಿದು ಉಪದೇಶವನ್ನು ನಿಲ್ಲಿಸಿದ ಜಾಗದಿಂದಲೇ ಮತ್ತೆ ಶುರುಮಾಡಿದ. ಅವತ್ತಿನಿಂದ ಯಾವ ಊರಿಗೆ ಹೋದರೂ ಗಾಡಿ ನಿಂತ ಕೂಡಲೇ ಮೊದಲ ಕೆಲಸ ಕೊಡ ಬಿಚ್ಚುವುದು.

ಪ್ರತಿ ಕ್ರಿಸ್‌ಮಸ್ಸಿಗೂ ಸಭೆಯವರು ಗೊಲ್ಲಾಳಪ್ಪನ ದೀಕ್ಷಾಸ್ನಾನದ ಮಾತು ಎತ್ತುತ್ತಿದ್ದರು. ಪ್ರತಿ ಸಲವೂ ಅವನದೊಂದು ನೆವ.

“ಈ ವರ್ಷ ಥಂಡಿ ಭಾಳ ಅದರಿ.”

“ಹಣಿ ಮ್ಯಾಲ ಹಾಕೂದು ಮೂರ ಹನಿ ನೀರು,” ಎನ್ನುತ್ತಿದ್ದಳು ಸುಗಲಾಬಾಯಿ. “ಮೂರ ಹನಿಗಿ ನಡಗ್ತಿಯೇನೋ ಗೊಲ್ಲಾಳ? ಬೋರಿ ಹೊಳ್ಯಾಗ ಎಮ್ಮಿ ಹಂಗ ಬೀಳ್ತಿ.”

“ಎತ್ತಿಗಿ ಮೊದಲ ಕೊಡ್ರಿ ಅಕ್ಕಾರ. ಹೆಸರಂತೂ ನಾನ ಇಟ್ಟೀನಿ.”

ಚಂದ್ರಭಾಗಾಳ ದೀಕ್ಷಾಸ್ನಾನದ ದಿನ ಅವನು ಚರ್ಚಿನ ಕೊನೆಯ ಸಾಲಿನಲ್ಲಿ ನಿಂತು ಕಿಟಕಿ ನಡುಗುವಂತೆ ಹಾಡಿದ. ಆದರೆ ಮುಂದೆ ಮಾತ್ರ ಬರಲಿಲ್ಲ.

*

ಬಿಸಿಲು ಏರುತ್ತಿತ್ತು. ಇಬ್ಬರು ಹಿರಿಯರೂ ಏನನ್ನೂ ತೀರ್ಮಾನಿಸಿರಲಿಲ್ಲ. ಹೆಂಗಸರ ನಡುವಿನಿಂದ ಸುಗಲಾಬಾಯಿ ಸೆರಗು ಬಿಗಿದುಕೊಂಡು ಎದ್ದಳು.

“ಪಾಸ್ಟರ್ ಸಾಹೇಬ್ರ, ಒಂದ ಮಾತ ಹೇಳೂದದ. ಅಣ್ಣಾರಾಯ್ರ, ನೀವು ಒಂಚೂರ ಕಿವಿ ಮುಚ್ಗೋರಿ.”

“ನಾ ಯಾಕ ಮುಚ್ಗೋಳ್ಲಿ?”

“ನಿಮ್ಮೂರ ಬಾವಿ ಮಾತದ. ನೀವು ಕೇಳಿದ್ರ ನಾಳಿಗಿ ನಮ್ಮ ಗಾಡಿಗಿ ನೀರ ಬಂದ್ ಆಗ್ತದ.”

ಅಣ್ಣಾರಾಯ ಕಿವಿ ಮುಚ್ಚಲಿಲ್ಲ. ಸುಗಲಾಬಾಯಿ ಒಮ್ಮೆ ಚಂದ್ರಭಾಗಾಳ ಕೈಯಲ್ಲಿದ್ದ ಹೆಬ್ಬೆರಳನ್ನು ನೋಡಿದಳು. ಏನಾದರಾಗಲಿ ಎಂದು ಹೇಳಿಯೇ ಬಿಟ್ಟಳು.

“ಈಕಿದು ಸ್ನಾನ ಆದ ದಿನ ಇಂವನ್ನ ಗಾಡಿ ಹಿಂದ ಹಿಡದ ಕೇಳ್ದೆ, ಹೆಂಡ್ತಿ ಬಂದ್ಳು, ನೀ ಯಾಕ ಬರಂಗಿಲ್ಲೋ ಅಂತ. ‘ಅಕ್ಕಾರ, ಮೂರ ಹನಿ ಹಾಕಿಸ್ಕೊಂಡ ಮ್ಯಾಲ ಬಾವಿ ಮ್ಯಾಲ ಯಾರರ ಕೇಳಿದ್ರ ನಾ ಏನ ಹೇಳ್ಲಿ? ಕಿರಸ್ತಾನ ಹೌದಂದ್ರ ನೀರಿಲ್ಲ. ಅಲ್ಲಂದ್ರ ಸುಳ್ಳ ಆಗ್ತದ. ನಿಮಗ ನೀರ ಬೇಕು, ನನಗ ಸುಳ್ಳ ಬರಂಗಿಲ್ಲ. ನಾ ಹೊರಗ ಇರ್ತೀನಿ, ನೀವು ಕುಡೀರಿ’ ಅಂದ. ಯಾರ ಮುಂದನೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡ. ಇವತ್ತ ಮುರದೀನಿ.”

ಲೂಕ ಬಾಲದಿಂದ ನೊಣ ಹೊಡೆದುಕೊಂಡಿತು.

“ಹೋದ ತಿಂಗಳ ಮಂದ್ರೂಪದಾಗ ನೀವೂ ಬಂದಿದ್ರಿ,” ಎಂದಳು ಸುಗಲಾಬಾಯಿ ಪಾಸ್ಟರಿಗೆ. “ನಿಮಗೂ ಚಂಬು ತುಂಬಿ ಕೊಟ್ಟ. ‘ಭಾಳ ಸಿಹಿ ನೀರು’ ಅಂದ್ರಿ.”

“ಅಂದಿದ್ದೆ,” ಎಂದರು ಪಾಸ್ಟರು.

ಎಲ್ಲರೂ ಅಣ್ಣಾರಾಯನ ಕಡೆ ತಿರುಗಿದರು. ಅವನ ಮೀಸೆ ಅಲುಗುತ್ತಿತ್ತು. ಸಿಟ್ಟು ಎಂದು ತಿಳಿದು ಸಿದ್ದರಾಮಪ್ಪ ಒಂದು ಹೆಜ್ಜೆ ಹಿಂದೆ ಸರಿದ.

“ಬಾಯಿ,” ಎಂದ ಅಣ್ಣಾರಾಯ, “ನನಗ ಗೊತ್ತಿಲ್ಲಂತ ತಿಳದೀರೇನು? ಎತ್ತಿಗಿ ಹೊಳ್ಯಾಗ ಕುಡಸ್ತಿದ್ದ. ಒಬ್ಬ ಮನಶಾ ನಮ್ಮ ಬಾವಿಂದ ಕೊಡದ ಮ್ಯಾಲ ಕೊಡ ಒಯ್ತಿದ್ದ. ಇಷ್ಟ ನೀರ ಏನ ಮಾಡ್ತಾನ ನಿನ್ನ ತಮ್ಮ ಅಂತ ಹಿರ್ಯಾರು ಕೇಳಿದ್ರ, ಅಂವಗ ಉಷ್ಣದ ಬ್ಯಾನಿ ಅದ ಅಂತ ನಾ ಹೇಳ್ತಿದ್ದೆ. ಸುಳ್ಳ ಅಂವಗ ಬರ್ತಿದ್ದಿಲ್ಲ. ನನಗ ಬರ್ತದ.”

ಮೊದಲು ನಕ್ಕವಳು ಚಂದ್ರಭಾಗಾ. ನಗುತ್ತಲೇ ಕಣ್ಣೊರೆಸಿಕೊಂಡಳು. “ಅದಕ್ಕ ಏನ್ರಿ ಭಾವಾರ, ಊರಿಗಿ ಬಂದಾಗೊಮ್ಮಿ ಮಂದಿ ನನ್ನ ಕೈಯಾಗ ಸಬ್ಜಾ ಬೀಜಾ ಕೊಡ್ತಿದ್ದ್ರು, ಗಂಡಗ ಕುಡಸು ಅಂತ.”

“ಕುಡಸಿದ್ಯಾ?”

“ಕುಡಸ್ದೆ. ಸುಮ್ಮ ಕುಡದ್ರು.”

ಅಂಗಳವೆಲ್ಲ ನಕ್ಕಿತು. ಪಾಸ್ಟರು ನಗಲಿಲ್ಲ. ಅಂಗಳದ ಬೇವಿನ ಮರದ ತನಕ ಹೋಗಿ ಬಂದರು. ಸಿದ್ದರಾಮಪ್ಪ ಹತ್ತಿರ ಬಂದು, ಚರ್ಚಿನ ಜಿಲ್ಲಾ ಸೂಪರಿಂಟೆಂಡೆಂಟ್ ಸಾಹೇಬರು ಮುಂದಿನ ವಾರ ಬರುವವರಿದ್ದಾರೆ, ಕೇಳುತ್ತಾರೆ ಎಂದು ಪಿಸುಗುಟ್ಟಿದ.

“ಕೇಳ್ಲಿ,” ಎಂದರು ಪಾಸ್ಟರು. “ಅವರ ಮುಂದ ನಾ ನಿಂದ್ರತೀನಿ. ಇಲ್ಲಿಂದ ವರ್ಗಾ ಮಾಡಿದ್ರ ಹೋಗ್ತೀನಿ. ನೀರ ಕುಡದ ಮ್ಯಾಲ ನಿಯಮ ನೆನಪಾತು ಅಂತ ನನ್ನ ಬಾಯಿಲೆ ಹೇಳಾಕ ಆಗಂಗಿಲ್ಲ.” ಅವರು ಕೋಟು ತೆಗೆದು ಸಿದ್ದರಾಮಪ್ಪನ ಕೈಗೆ ಕೊಟ್ಟು, ಬಗ್ಗಿ ಚಟ್ಟದ ಕಾಲಿನ ಕಡೆ ಹಿಡಿದರು. “ಬಿಡವ್ವಾ ಚಂದ್ರಭಾಗಾ. ನಮ್ಮ ಮಣ್ಣಿಗೇ ಒಯ್ತೀವಿ.”

ಚಂದ್ರಭಾಗಾ ಹೆಬ್ಬೆರಳು ಬಿಟ್ಟಳು. ಆದರೆ ಈಗ ತಲೆಯ ಕಡೆ ಹಿಡಿಯಬೇಕಾದ ಅಣ್ಣಾರಾಯ ಕೈಕಟ್ಟಿ ನಿಂತಿದ್ದ.

“ಇಲ್ಲೇ ಇರ್ಲಿ, ನಾ ತಕರಾರ ಮಾಡಂಗಿಲ್ಲ. ಆದರ ನಮ್ಮ ದೇವ್ರು ಬೀರೋಬಾನ ಭಂಡಾರ ಹಚ್ಚಲಾರದ ನಮ್ಮ ಮನಿ ಹೆಣಾ ಎದ್ದಿಲ್ಲ.”

“ಅದೊಂದ ಬ್ಯಾಡ್ರಿ ಅಣ್ಣಾರಾಯ್ರ,” ಎಂದರು ಪಾಸ್ಟರು. “ನಾ ಎಲ್ಲಾ ನಿಯಮ ಒಂದ ದಿನದಾಗ ಮುರ್ಯಾಕ ಆಗಂಗಿಲ್ಲ.”

“ನೀವು ಮುರೀಬ್ಯಾಡ್ರಿ. ನಿಮ್ಮ ಹಾಡು ನಾ ಕೇಳ್ತೀನಿ, ನಮ್ಮ ಭಂಡಾರ ನೀವು ನೋಡಬ್ಯಾಡ್ರಿ.”

ಪಾಸ್ಟರು ತಲೆಯೆತ್ತಿ ಚರ್ಚಿನ ಗಂಟೆಯನ್ನು ಬಹಳ ಆಸಕ್ತಿಯಿಂದ ನೋಡಿದರು. ಅಣ್ಣಾರಾಯ ಮಡಿಲಿನ ಚೀಲದಿಂದ ಚಿಟಿಕೆ ಭಂಡಾರದ ಅರಿಶಿನ ತೆಗೆದು ತಮ್ಮನ ಹಣೆಗೆ ಹಚ್ಚಿದ. ಸಂತೆಯಲ್ಲಿ ಮಾರದೆ ಉಳಿಸಿದ್ದ ಹೊಸ ಕಂಬಳಿಯನ್ನು ಕುತ್ತಿಗೆಯ ತನಕ ಹೊದಿಸಿದ. “ಆತ್ರಿ, ಈಗ ನೋಡ್ರಿ,” ಎಂದ.

ಮಾರ್ಕ, ಲೂಕರನ್ನೇ ಗಾಡಿಗೆ ಕಟ್ಟಿದರು. ಹೊಡೆಯಲು ಸಿದ್ದರಾಮಪ್ಪ ಕುಳಿತ. ಅವನಿಗೆ ಹಾರ್ಮೋನಿಯಂ ಬಿಟ್ಟರೆ ಬೇರೇನೂ ಹೊಡೆಯಲು ಬರುತ್ತಿರಲಿಲ್ಲ. ಸಭೆಯ ಮಸಣವಿದ್ದದ್ದು ಅಕ್ಕಲಕೋಟೆ ರಸ್ತೆಯಲ್ಲಿ. ಎತ್ತುಗಳಿಗೆ ಆ ರಸ್ತೆಯೆಂದರೆ ಕುರನೂರು. ಮಸಣದ ಬಾಗಿಲು ಬಂತು, ಹಾಡುತ್ತಿದ್ದ ಜನ ನಿಂತರು, ಎತ್ತುಗಳು ನಿಲ್ಲಲಿಲ್ಲ. ಗೊಲ್ಲಾಳಪ್ಪನನ್ನು ಹೊತ್ತುಕೊಂಡು ಗಂಟೆ ಬಾರಿಸುತ್ತ ಮುಂದೆ ಹೊರಟೇಬಿಟ್ಟವು. ಇಡೀ ಸಭೆ ಹಾಡನ್ನು ಅರ್ಧಕ್ಕೆ ಬಿಟ್ಟು ಹಿಂದೆ ಓಡಿತು. ಪಾಸ್ಟರೂ ಓಡಿದರು.

“ನೋಡ್ರಿ,” ಎಂದ ಅಣ್ಣಾರಾಯ ಏದುಸಿರು ಬಿಡುತ್ತ, ಮಾರ್ಕನ ಮೂಗುದಾರ ಹಿಡಿದು ತಿರುಗಿಸುವಾಗ. “ಎತ್ತ ನನ್ನ ಪಾರ್ಟಿ ಅವ.”

*

ಪ್ರಾರ್ಥನೆ ಆಯಿತು, ಎಲ್ಲರೂ ಹಿಡಿ ಮಣ್ಣು ಹಾಕಿದರು. ಚಂದ್ರಭಾಗಾ ಗುಂಡಿಯ ಎಡಗಡೆ ಹೋಗಿ ನಿಂತು, ಕೆಳಗೆ ನೋಡಿ, ತನ್ನನ್ನೂ ನೋಡಿಕೊಂಡಳು.

“ಇಷ್ಟ ಜಾಗಾದಾಗ ನಾ ಹಿಡೀತೀನೇನು ಅಕ್ಕಾರ?”

“ಅಲ್ಲೀತನಕ ಕಡಿಮಿ ಉಣ್ಣು,” ಎಂದಳು ಸುಗಲಾಬಾಯಿ.

“ಅದು ಆಗೂ ಮಾತಲ್ಲ. ಅವರ ಬಾಜೂಕ ನಾಳಿ ಮತ್ಯಾರನ್ನರ ಇಟ್ಟಗಿಟ್ಟಾರು.”

ಅಣ್ಣಾರಾಯ ಕೇಳಿಸಿಕೊಂಡ. ಬೇಲಿಯಿಂದ ಜಾಲಿಯ ನಾಲ್ಕು ಗೂಟ ಕಡಿದ. ಗಾಡಿಯಿಂದ ಹಗ್ಗ ತಂದ. ಹೊಲದಲ್ಲಿ ಕುರಿ ತರುಬುವಾಗ ಸುತ್ತ ಬೇಲಿಯ ಹಾಗೆ ದಡ್ಡಿ ಹಾಕುತ್ತಾರಲ್ಲ, ಹಾಗೆ ತಮ್ಮನ ಮಗ್ಗುಲಿಗೆ ಒಂದು ಗೂಟ ಬಡಿದು ಹಗ್ಗ ಸುತ್ತಿದ. ಇನ್ನೊಂದು ತುದಿಯನ್ನು ಪಾಸ್ಟರ ಕೈಗೆ ಕೊಟ್ಟ.

“ಜಗ್ಗಿ ಹಿಡೀರಿ ಸಾಹೇಬ್ರ. ಸಡಲ ಬಿಟ್ರ ಮಂದಿ ಒಳಗ ನುಗ್ಗತಾರ.”

ಕೇಳಿದಿರಲ್ಲ. ಇನ್ನು ಇದನ್ನು ಗೊತ್ತಿಲ್ಲದವರಿಗೆ ಹೇಳಿ. ಒಂದೆರಡು ಹೆಸರು ತಪ್ಪಿದರೂ ಚಿಂತೆಯಿಲ್ಲ, ಊರು ಹಿಂದುಮುಂದಾದರೂ ನಡೆಯುತ್ತದೆ. ಹಗ್ಗದ ಒಂದು ತುದಿ ಅಣ್ಣಾರಾಯನ ಕೈಯಲ್ಲಿ, ಇನ್ನೊಂದು ತುದಿ ಅಂಗಿಯೆಲ್ಲ ಮಣ್ಣಾದ ಪಾಸ್ಟರ ಕೈಯಲ್ಲಿ, ನಡುವೆ ಚಂದ್ರಭಾಗಾ ನಿಂತುಕೊಂಡು, “ಇನ್ನ ಒಂದ ಗೇಣ ಸರೀರಿ ಪಾಸ್ಟರ, ಇನ್ನ ಒಂದ ಗೇಣ” ಎನ್ನುತ್ತಿದ್ದಳು. ಅದೊಂದನ್ನು ಮಾತ್ರ ಬಿಡದೆ ಹೇಳಿ.