ಏಳು ಕ್ವಿಂಟಾಲ್ ಸೋಂಪು

ನಮ್ಮ ಹೋಟೆಲಿನಲ್ಲಿ ಟಿಪ್ಸ್ ಎಂಬ ಮಾತು ಇರಲಿಲ್ಲ. ನಾವು ಸೋಂಪು ಅನ್ನುತ್ತಿದ್ದೆವು. ಬಿಲ್ಲಿನ ಜೊತೆ ಚಿಕ್ಕ ಸ್ಟೀಲ್ ತಟ್ಟೆಯಲ್ಲಿ ಒಂದಿಷ್ಟು ಸೋಂಪು ಇಟ್ಟು ಕೊಡುವುದು ವಾಡಿಕೆ. ಊಟ ಮಾಡಿದವರು ಸೋಂಪು ಬಾಯಿಗೆ ಹಾಕಿಕೊಂಡು, ಉಳಿದ ಚಿಲ್ಲರೆಯನ್ನು ಅದೇ ತಟ್ಟೆಯಲ್ಲಿ ಬಿಟ್ಟು ಎದ್ದು ಹೋಗುತ್ತಿದ್ದರು. ಹತ್ತರ ನೋಟನ್ನು ಕೊಡವಿದರೆ ನಾಲ್ಕು ಕಾಳು ಉದುರುತ್ತಿದ್ದವು. ಎಲ್ಲರಿಗಿಂತ ಹಳೆಯ ಸಪ್ಲೈಯರ್ ಅಮೀನಪ್ಪನವರು ಆ ದುಡ್ಡಿಗೆ ಸೋಂಪು ಅಂತ ಹೆಸರಿಟ್ಟರಂತೆ. ನಾನು ಸೇರುವ ಹೊತ್ತಿಗೆ ಆ ಹೆಸರಿಗೆ ಇಪ್ಪತ್ತು ವರ್ಷ ಆಗಿತ್ತು.

ನಾನು ಸೇರಿದ್ದು ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು, ಎರಡು ವರ್ಷ ಮನೆಯಲ್ಲೇ ಅಗರಬತ್ತಿ ಹೊಸೆದು ಸಾಕಾದ ಮೇಲೆ. ಕುರುಬರಹಳ್ಳಿಯ ಒಳರಸ್ತೆಯಲ್ಲಿ, ನಮ್ಮ ಮನೆಯಿಂದ ಐದೇ ನಿಮಿಷದ ದಾರಿಯಲ್ಲಿ 'ಅಕ್ಕಯ್ಯಮ್ಮ ಮುದ್ದೆ ಊಟ' ಇತ್ತು. ಅಕ್ಕಯ್ಯಮ್ಮ ಅಂದರೆ ಯಜಮಾನರ ತಾಯಿ. ಯಜಮಾನರು ಮುನಿವೆಂಕಟಪ್ಪನವರು. "ಈ ಗಲ್ಲಾ ಇರೋ ಜಾಗದಲ್ಲಿ ನಮ್ಮಮ್ಮ ರಾಗಿ ಕಳೆ ಕೀಳ್ತಿದ್ಲು ಕಣಮ್ಮಾ" ಎಂದು ಮೊದಲ ದಿನವೇ ಹೇಳಿದ್ದರು. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳುವುದನ್ನು ಕೇಳಿದೆ.

ಸಪ್ಲೈಯರ್‌ಗಳಿಗೂ ಕ್ಲೀನಿಂಗಿನವರಿಗೂ ಅಡುಗೆಯವರಿಗಿಂತ ತಿಂಗಳಿಗೆ ಮೂರು ಸಾವಿರ ಕಮ್ಮಿ ಸಂಬಳ. ನಿಮಗೆ ಸೋಂಪು ಇದೆಯಲ್ಲ, ಅನ್ನುವುದು ಲೆಕ್ಕ. ಅದು ಸರಿಯೋ ತಪ್ಪೋ ನಾವು ಯಾರೂ ಕೇಳಿರಲಿಲ್ಲ. ಸಂಜೆ ನಾಲ್ಕಕ್ಕೆ ಊಟದ ಗಲಾಟೆ ಮುಗಿದ ಮೇಲೆ ಆರೂ ಜನ ಕೈತೊಳೆಯುವ ನಲ್ಲಿಯ ಹತ್ತಿರದ ಟೇಬಲ್ಲಿಗೆ ಸೇರುತ್ತಿದ್ದೆವು. ಅಮೀನಪ್ಪನವರು ಚಿಲ್ಲರೆ ಸುರಿದು ಆರು ಗುಡ್ಡೆ ಮಾಡುತ್ತಿದ್ದರು. ಪಾತ್ರೆ ತೊಳೆಯುವ ಸತ್ಯವತಕ್ಕ ಪ್ರತಿ ದಿನ "ನನ್ ಗುಡ್ಡೆ ಯಾಕಣ್ಣ ಕುಳ್ಳಗಿದೆ?" ಎಂದು ಕೇಳುವರು. "ನಿನ್ನಂಗೇ ಇದೆ, ತಗೋ" ಎಂದು ಅವರು ಹೇಳುವರು. ಆ ಟೇಬಲ್ಲು, ಆ ಕಾಫಿ, ಒದ್ದೆ ನೆಲಕ್ಕೆ ಬೀಳುತ್ತಿದ್ದ ಓರೆ ಬಿಸಿಲು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಶಾಲೆಯ ಬೆಂಚಿಗಿಂತ ಹೆಚ್ಚು ಹೊತ್ತು ನಾನು ಕೂತದ್ದು ಅಲ್ಲಿಯೇ.

ಕೊರೊನಾ ಮುಗಿದ ಮೇಲೆ ಚಿಲ್ಲರೆ ನಿಂತುಹೋಯಿತು. ಎಲ್ಲರೂ ಫೋನ್ ಎತ್ತಿ ಸ್ಕ್ಯಾನ್ ಮಾಡತೊಡಗಿದರು. ನೂರ ಎಂಬತ್ತರ ಬಿಲ್ಲಿಗೆ ಇನ್ನೂರು ಹಾಕಿ "ಇರ್ಲಿ ಬಿಡಮ್ಮಾ" ಎನ್ನುವರು. ಆ ಇಪ್ಪತ್ತು ಯಜಮಾನರ ಖಾತೆಗೆ ಹೋಗುವುದು. ಒಂದು ವಾರ ಅಮೀನಪ್ಪನವರು ಮುಖ ಊದಿಸಿಕೊಂಡು ಓಡಾಡಿದ ಮೇಲೆ ಯಜಮಾನರೇ ನನ್ನನ್ನು ಕರೆದರು.

"ಚೇತನಾ, ನಿನ್ನಕ್ಷರ ದುಂಡಗಿದೆ. ಬಿಲ್ಲಿಗಿಂತ ಮೇಲೆ ಬಂದಿದ್ದನ್ನ ದಿನಾ ಬುಕ್ಕಲ್ಲಿ ಬರಿ. ಗಲ್ಲಾದಿಂದ ಅಷ್ಟು ಕ್ಯಾಶ್ ತಗೊಂಡು ಹಂಚ್ಕೊಳಿ. ನಿಮ್ದು ನಿಮಗೇ."

ನಾನು ತಾರೀಖು ಹಾಕಿ ಪಕ್ಕದಲ್ಲಿ ಬರೆಯುತ್ತಿದ್ದೆ: ಸೋಂಪು, ೫೪೦. ಸೋಂಪು, ೬೧೦. ನಾಟಿಕೋಳಿ ಸಾರು ಮಾಡುವ ಭಾನುವಾರ ಸಾವಿರದ ಹತ್ತಿರ. ಬೇರೆ ಏನು ಬರೆಯಬೇಕೆಂದು ನನಗೆ ಹೊಳೆಯಲೂ ಇಲ್ಲ.

ಅಮೀನಪ್ಪನವರು ಮಂಡಿ ನೋವೆಂದು ಕೆಲಸ ಬಿಟ್ಟು ಕೆಂಗೇರಿಯ ಮಗಳ ಮನೆ ಸೇರಿದರು. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಯಜಮಾನರು ತೀರಿಕೊಂಡರು. ಟೈಲ್ಸ್ ಅಂಗಡಿ ನಡೆಸುತ್ತಿದ್ದ ಅವರ ಮಗ ಅರುಣ್ ಕುಮಾರ್ ಗಲ್ಲಾಕ್ಕೆ ಬಂದು ಕೂತರು. ಎರಡು ಅಂಗಡಿಯ ಓಡಾಟದಲ್ಲಿ ಅವರು ನನ್ನ ಬುಕ್ಕನ್ನು ಬಿಡಿಸಿ ನೋಡಿರಲಿಲ್ಲ. ಫೋನಿಗೆ ಬಂದ ದುಡ್ಡನ್ನು ನೋಡಿಯೇ ಚಿಕ್ಕ ಅಂಗಡಿಗಳಿಗೆ ತೆರಿಗೆ ನೋಟೀಸು ಬರುತ್ತಿದೆ ಎಂದು ಎಲ್ಲರೂ ಹೆದರಿದ್ದ ಕಾಲ ಅದು. ಎದುರಿನ ಬೇಕರಿಯವರು 'ಕ್ಯಾಶ್ ಮಾತ್ರ' ಎಂದು ಬರೆದು ಅಂಟಿಸಿದ್ದರು. ಅರುಣ್ ಸಾರ್ ಭಯಪಟ್ಟು, ಬಸವೇಶ್ವರನಗರದ ಒಬ್ಬ ಆಡಿಟರ್ ಹತ್ತಿರ ಹೋದರು. ಆಡಿಟರ್ ಕಡೆಯಿಂದ ರೇವಂತ್ ಎಂಬ ಹುಡುಗಾಟದ ಮುಖದ ಯುವಕ ಲ್ಯಾಪ್‌ಟಾಪ್ ಹಿಡಿದು ಬಂದ. ಬೆಳಿಗ್ಗೆಯಿಂದ ಮೂಲೆ ಟೇಬಲ್ಲಿನಲ್ಲಿ ಕೂತು ನನ್ನ ಬುಕ್ಕನ್ನು ತಿರುವಿಹಾಕುತ್ತಿದ್ದವನು ಇದ್ದಕ್ಕಿದ್ದಂತೆ ನಕ್ಕ.

"ಸಾರ್, ವರ್ಷಕ್ಕೆ ಎರಡು ಲಕ್ಷದ ಸೋಂಪು ತರಿಸಿದೀರಾ. ಕಮ್ಮಿ ಅಂದ್ರೂ ಏಳು ಕ್ವಿಂಟಾಲ್. ಇಲ್ಲಿ ಮುದ್ದೆ ಬದ್ಲು ಸೋಂಪೇ ಕಟ್ಟಿ ಕೊಡ್ತೀರಾ ಏನು?"

ಅರುಣ್ ಸಾರ್ ನಗಲಿಲ್ಲ. ಎದ್ದು ಹೋಗಿ ಬುಕ್ಕು ನೋಡಿದರು.

"ಬಿಲ್ ಎಲ್ಲಿದೆ ಇದಕ್ಕೆ?"

"ಒಂದೂ ಇಲ್ಲ ಸಾರ್. ದಿನಾ ಗಲ್ಲಾದಿಂದ ಕ್ಯಾಶ್ ಹೋಗಿದೆ, ಅಷ್ಟೇ."

"ಯಾರು ಬರ್ದಿದ್ದು?"

ನಾನು ನೀರಿನ ಜಗ್ಗು ಹಿಡಿದು ನಿಂತಿದ್ದೆ. 'ನಾನು' ಅನ್ನಬೇಕಿತ್ತು. ಒಳಗಿನಿಂದ ಸತ್ಯವತಕ್ಕನೇ ಕೈ ಒರೆಸಿಕೊಳ್ಳುತ್ತ ಬಂದರು.

"ಅಯ್ಯೋ ಸೋಂಪಂದ್ರೆ ತಿನ್ನೋ ಸೋಂಪಲ್ಲ ಸಾರ್! ನಮ್ ಸೋಂಪು! ಗಿರಾಕಿಗಳು ಕೊಡೋದು."

"ನೀವೂ ಪಾಲು ತಗೊಂಡೋರೇ ಅಲ್ವಾ ಅಕ್ಕ? ನೀವು ಹಾಗೇ ಹೇಳ್ತೀರಾ." ಅರುಣ್ ಸಾರ್ ನನ್ನ ಕಡೆ ತಿರುಗಿದರು. "ನಮ್ಮಪ್ಪನಿಗೆ ಕಣ್ಣು ಮಂಜಾಗಿತ್ತು. ಆ ಹೊತ್ತಲ್ಲಿ ನಿನ್ ಕೈಗೆ ಬುಕ್ಕು ಬಂದಿದೆ. ಯೋಚ್ನೆ ಮಾಡಿ ಸಾಯಂಕಾಲ ಹೇಳು."

ಕಳ್ಳಿ ಎಂಬ ಮಾತನ್ನು ಅವರು ಆಡಲಿಲ್ಲ. ಆದರೆ ಅಡುಗೆಮನೆಯ ಕಿಟಕಿಯಲ್ಲಿ ಮೂರು ಮುಖ ಕಾಣಿಸಿಕೊಂಡವು. ಸಂಜೆಯೊಳಗೆ ಆ ಮಾತು ನಮ್ಮ ಬೀದಿಗೂ ಅಮ್ಮನ ಕಿವಿಗೂ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಊಟದ ಹೊತ್ತಾಯಿತು. ರೇವಂತನಿಗೆ ನಾನೇ ಮುದ್ದೆ, ಬಸ್ಸಾರು ಬಡಿಸಿದೆ. ಅವನು ಸೊಪ್ಪಿನ ಪಲ್ಯ ಎರಡನೇ ಸಲ ಹಾಕಿಸಿಕೊಂಡ. ಮುಗಿಸಿ ಫೋನ್ ತೆಗೆದಾಗ ಅರುಣ್ ಸಾರ್ "ನಿಮ್ ಹತ್ರ ದುಡ್ಡು ತಗೋತೀವಾ, ಬಿಡಿ" ಎಂದರು.

"ಇಲ್ಲ ಸಾರ್, ಆಡಿಟ್‌ಗೆ ಹೋದ ಕಡೆ ಪುಕ್ಕಟೆ ತಿಂದ್ರೆ ನಮ್ ಸಾರ್ ಬೈತಾರೆ."

ಬಿಲ್ಲು ತೊಂಬತ್ತು. ಗಲ್ಲಾದ ಮೇಲಿನ ಡಬ್ಬ "ನೂರು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕೂಗಿತು. ಅವನು ನನ್ನ ಕಡೆ ನೋಡಿ, ಅಭ್ಯಾಸದಂತೆ, "ಹತ್ತು ಇರ್ಲಿ ಬಿಡಿ" ಎಂದ.

ನಾನು ಜಗ್ಗು ಕೆಳಗಿಟ್ಟೆ. ಅವನ ಪಕ್ಕದಲ್ಲಿದ್ದ ಬುಕ್ಕನ್ನು ಎಳೆದುಕೊಂಡು ಅವತ್ತಿನ ತಾರೀಖಿನ ಮುಂದೆ ಬರೆದೆ: ಸೋಂಪು, ೧೦. ಬುಕ್ಕನ್ನು ಅವನ ಕಡೆಗೆ ತಿರುಗಿಸಿ ಇಟ್ಟೆ.

ಅವನು ಅದನ್ನು ನೋಡಿದ. ಲ್ಯಾಪ್‌ಟಾಪ್ ಎಳೆದುಕೊಂಡು ಏನೇನೋ ಒತ್ತಿದ.

"ಸಾರ್, ಬನ್ನಿ ಇಲ್ಲಿ. ಮಾರ್ಚ್ ಮೂರು. ಬಿಲ್ಲಿಗಿಂತ ಖಾತೆಗೆ ಐನೂರ ನಲವತ್ತು ಜಾಸ್ತಿ ಬಂದಿದೆ. ಸೋಂಪು ಐನೂರ ನಲವತ್ತು. ನಾಲ್ಕು, ಅದೂ ಸರಿ. ಐದು... ಅಯ್ಯಪ್ಪಾ, ಒಂದು ರೂಪಾಯಿ ಆಚೀಚೆ ಇಲ್ಲ. ಖಾತೆಗೆ ಯಾಕೆ ಜಾಸ್ತಿ ಬಂತು, ಗಲ್ಲಾದಿಂದ ಯಾಕೆ ಹೋಯ್ತು ಅಂತ ಬೆಳಿಗ್ಗೆಯಿಂದ ಎರಡು ಕಡೆ ತಲೆ ಕೆಡಿಸ್ಕೊಂಡಿದ್ದು ಒಂದೇ ದುಡ್ಡಿಗೆ."

ಅವನು ನಮಗೂ ಅರ್ಥವಾಗುವ ಹಾಗೆ ಹೇಳಿದ. ಜನ ತಾವಾಗಿ ಕೊಟ್ಟು, ಅದು ಪೂರ್ತಿ ಕೆಲಸದವರ ಕೈಗೆ ಹೋದರೆ ಅದನ್ನು ಹೋಟೆಲಿನ ವ್ಯಾಪಾರ ಅನ್ನಬೇಕಿಲ್ಲ. ಆದರೆ ಹೋಯಿತು ಎನ್ನುವುದಕ್ಕೆ ಹಂಚಿಕೊಂಡವರೆಲ್ಲರ ಸಹಿ ಬೇಕು. ಆಮೇಲೆ ಅದು ನಮ್ಮ ಆದಾಯ.

"ನಮ್ಗೂ ಟ್ಯಾಕ್ಸಾ?" ಸತ್ಯವತಕ್ಕ ಎದೆ ಮುಟ್ಟಿಕೊಂಡರು.

"ನಿಮ್ ಸಂಬಳ, ಸೋಂಪು ಎಲ್ಲ ಸೇರಿಸಿದ್ರೂ ಅಲ್ಲಿಗೆ ಮುಟ್ಟಲ್ಲ ಅಕ್ಕ."

"ಮುಟ್ಟೋ ಅಷ್ಟು ಬರ್ಲಿ ಅನ್ನಪ್ಪಾ, ಬಾಯಲ್ಲಿ ಒಳ್ಳೇದ್ ಬರ್ಲಿ!"

ಎಲ್ಲರೂ ನಕ್ಕರು. ನನಗೂ ಉಸಿರು ಬಂತು. ಅಷ್ಟರಲ್ಲಿ ರೇವಂತನ ಬೆರಳು ನಿಂತಿತು.

"ಇದೊಂದು ಸೇರ್ತಿಲ್ಲ. ಈ ತಾರೀಖು ಬಂದ್ ಇತ್ತು. ಖಾತೆಗೆ ಸೊನ್ನೆ. ಸೋಂಪು ಆರುನೂರು ಅಂತಿದೆ."

ಅರುಣ್ ಸಾರ್ ಬಗ್ಗಿ ನೋಡಿದರು. "ಅವತ್ತು ಹೋಟೆಲ್ ತೆಗ್ದೇ ಇಲ್ಲ." ಹುಡುಕಿದರೆ ಅಂಥವು ಐದು ದಿನ ಸಿಕ್ಕವು. ಬಂದ್‌ನ ಮೂರು, ರಸ್ತೆಯಲ್ಲಿ ನೀರು ನಿಂತು ಬಾಗಿಲು ಹಾಕಿದ ಎರಡು.

ಈ ಸಲ ಸತ್ಯವತಕ್ಕನೂ ನನ್ನನ್ನೇ ನೋಡಿದರು. ಅವರಿಗೂ ಇದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಬ್ಬರಿಗೆ. ಅದರಲ್ಲಿ ಒಬ್ಬರು ಈಗ ಇಲ್ಲ. ಹೇಳುವುದಿಲ್ಲ ಎಂದು ನಾನು ಅವರಿಗೆ ಮಾತು ಕೊಟ್ಟಿದ್ದೆ. ಹೇಳದೆ ಇದ್ದರೆ ಬುಕ್ಕಿನ ಉಳಿದ ಪುಟಗಳೂ ಸುಳ್ಳಾಗುತ್ತವೆ.

"ಯಜಮಾನ್ರು ಕೊಟ್ಟಿದ್ದು ಸಾರ್," ಎಂದೆ.

"ಯಾವಾಗ? ಯಾಕೆ?"

"ಮೊದಲ್ನೇ ಬಂದ್ ದಿನ ಗೊತ್ತಾಗದೆ ಕೆಲಸಕ್ಕೆ ಬಂದ್ಬಿಟ್ಟಿದ್ದೆ. ಅವರೊಬ್ರೇ ಗಲ್ಲಾದಲ್ಲಿ ಕೂತಿದ್ರು. ಜೇಬಿಂದ ಆರುನೂರು ತೆಗೆದು ಕೊಟ್ರು. 'ಸೋಂಪು ನಂಬ್ಕೊಂಡು ನಿಮ್ಗೆ ಸಂಬಳ ಕಮ್ಮಿ ಕೊಡ್ತಾ ಇದೀನಿ. ಸೋಂಪು ಬರದ ದಿನ ಅದು ನನ್ ತಲೆ ಮೇಲೇ ಬರತ್ತೆ' ಅಂದ್ರು. ನಾಳೆದರ ಜೊತೆ ಸೇರ್ಸಿ ಹಂಚು ಅಂದ್ರು. ಆಮೇಲೆ ಬಾಗಿಲು ಹಾಕಿದ ನಾಲ್ಕು ದಿನಾನೂ ಹಂಗೇ ಕರೆದು ಕೊಟ್ರು. ನಾನು ಕೊಟ್ಟ ದಿನವೇ ಬರ್ದೆ."

ಅರುಣ್ ಸಾರ್ ನನ್ನ ಮುಖ ನೋಡುತ್ತಲೇ ಇದ್ದರು. ನಂಬಿದ ಹಾಗೆ ಕಾಣಲಿಲ್ಲ. ಸತ್ತವರ ಬಗ್ಗೆ ಒಳ್ಳೆಯ ಮಾತು ಯಾರು ಬೇಕಾದರೂ ಹೇಳಬಹುದು.

"ಬೇರೆಯವ್ರಿಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂದಿದ್ರು." ಮುಂದಿನದನ್ನು ಹೇಳಲು ನಾಚಿಕೆಯಾಯಿತು. "ಹೇಳಿದ್ರೆ ಆ ಅಮೀನ ನಾಳೆನೇ ಸಂಬಳ ಜಾಸ್ತಿ ಮಾಡಿ ಅಂತ ಕುತ್ತಿಗೆ ಮೇಲೆ ಕೂತ್ಕೋತಾನೆ, ಗಿರಾಕಿ ಕೊಟ್ಟಿದ್ದು ಅಂತ್ಲೇ ಇರ್ಲಿ, ಅಂದ್ರು."

ಅರುಣ್ ಸಾರ್ ತುಟಿ ಅಲುಗಿತು. ಆಮೇಲೆ ಅವರು ಜೋರಾಗಿ ನಕ್ಕುಬಿಟ್ಟರು. ನಗುತ್ತ ನಗುತ್ತಲೇ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಇದು ನಮ್ಮಪ್ಪಾನೇ ಕಣ್ರೀ ರೇವಂತ್. ಮೊದಲ್ನೇ ಮಾತು ಇವಳು ಕಟ್ಟಿ ಹೇಳಿದ್ರೂ ಹೇಳ್ಬಹುದಿತ್ತು. ಎರಡನೇದು ಕಟ್ಟೋಕೆ ಆಗಲ್ಲ."

"ಇದನ್ನ ಏನಂತ ಬರ್ಕೊಳ್ಲಿ ಸಾರ್?"

"ಸಂಬಳ ಅಂತ ಬರ್ಕೊಳಿ. ಅವರು ಕೊಟ್ಟಿದ್ದು ಅದೇ."

ಎರಡು ತಿಂಗಳ ನಂತರ ನಮ್ಮ ಸಂಬಳವನ್ನು ಅಡುಗೆಯವರಷ್ಟೇ ಮಾಡಿದರು. ರೇವಂತನ ಆಫೀಸಿನಿಂದ ಅಚ್ಚು ಹಾಕಿದ ರಿಜಿಸ್ಟರ್ ಬಂತು. ಅದರಲ್ಲಿ 'ಸಿಬ್ಬಂದಿ ಟಿಪ್ಸ್' ಎಂಬ ಕಾಲಂ, ಪಕ್ಕದಲ್ಲಿ ಸಹಿಗೆ ಜಾಗ. ತಿಂಗಳಿಗೊಮ್ಮೆ ಸಹಿ ಹಾಕುತ್ತೇವೆ, ದುಡ್ಡು ಬ್ಯಾಂಕಿಗೆ ಹೋಗುತ್ತದೆ. ನಲ್ಲಿಯ ಹತ್ತಿರದ ಟೇಬಲ್ಲಿಗೆ ಸಂಜೆ ಯಾರೂ ಸೇರುವುದಿಲ್ಲ. ಸೇರುವುದಕ್ಕೆ ಕಾರಣ ಇಲ್ಲ. ಸಂಬಳ ಹೆಚ್ಚಿದ್ದಕ್ಕೆ ನನಗೆ ಖುಷಿಯಿದೆ. ಆದರೂ ನಾಲ್ಕು ಗಂಟೆಯಾದರೆ ಕಣ್ಣು ಆ ಕಡೆ ಹೋಗುತ್ತದೆ.

ಯಜಮಾನರಿಗೆ ಕೊಟ್ಟ ಮಾತು ಮುರಿದದ್ದು ಮನಸ್ಸಿನಲ್ಲಿ ಉಳಿದಿತ್ತು. ಒಂದು ದಿನ ಧೈರ್ಯ ಮಾಡಿ ಅಮೀನಪ್ಪನವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು ಗದರಿದರು.

"ಎಂಥಾ ಕಳ್ಳ ಮೂಗಿ ಕಣೇ ನೀನು! ಆವತ್ತೇ ಹೇಳಿದ್ರೆ ಆವತ್ತೇ ಸಂಬಳ ಕೇಳ್ತಿದ್ದೆ."

"ಅದಕ್ಕೇ ಅಣ್ಣ, ಹೇಳ್ಬೇಡ ಅಂದಿದ್ದು."

ಆ ಕಡೆ ಮೊಮ್ಮಗು ಏನೋ ಬಡಿಯುತ್ತಿರುವ ಸದ್ದು ಕೇಳಿಸುತ್ತಿತ್ತು.

"ಜಿಪುಣ ನನ್ಮಗ," ಎಂದರು ಅಮೀನಪ್ಪನವರು. ಆಮೇಲೆ "ಐದು ದಿನಾನೂ ಕೊಟ್ನಾ?" ಎಂದು ಕೇಳಿದರು.

"ಐದೂ ದಿನ, ಅಣ್ಣ," ಎಂದೆ.